ಫ್ಲಶ್‌ಗೆ ಇನ್ನೊಂದೇ ಎಲೆ ಬಾಕಿ: ಕಾಲ್ ಮಾಡಬೇಕಾ, ಬಿಡಬೇಕಾ?

ಪ್ರಶ್ನೆ: ತುಮಕೂರಿನ ನಮ್ಮ ಮನೆಯಲ್ಲಿ ಹುಣಸೆ ಬೀಜ ಇಟ್ಟುಕೊಂಡು ನೋ-ಲಿಮಿಟ್ (ಎಷ್ಟು ಬೇಕಾದರೂ ಬೆಟ್ ಕಟ್ಟಬಹುದಾದ) ಪೋಕರ್ ಆಡುತ್ತೇವೆ. ನನ್ನ ಕೈಯಲ್ಲಿ ಆಟೀನ್ 8, ಆಟೀನ್ 7 ಇತ್ತು. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) ಆಟೀನ್ ರಾಜ, ಆಟೀನ್ 3, ಕಳಾವರ್ 9 ಬಿತ್ತು. ಪಾಟ್‌ನಲ್ಲಿ, ಅಂದರೆ ನಡುವಿನ ರಾಶಿಯಲ್ಲಿ, 60 ಬೀಜ. ಎದುರಿನವರು 30 ಹಾಕಿದರು. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆ) 35 ಪರ್ಸೆಂಟ್ ಚಾನ್ಸ್ ಇದೆ ಅಂತ ಕಾಲ್ ಮಾಡಿದೆ, ಅಂದರೆ ನಾನೂ 30 ಹಾಕಿದೆ. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಮತ್ತೆ ದೊಡ್ಡ ಬೆಟ್ ಬಂತು, ಬಿಟ್ಟುಬಿಟ್ಟೆ. ಎಲ್ಲಿ ಎಡವಿದೆ?

ಉತ್ತರ: ಎಡವಿದ್ದು ಆ 35ರಲ್ಲಿ. ಅದು ಟರ್ನ್, ರಿವರ್ (ಐದನೇ, ಕೊನೆಯ ಎಲೆ) ಎರಡೂ ಎಲೆ ನೋಡಿದರೆ ಸಿಗುವ ಲೆಕ್ಕ. ನೀವು 30 ಬೀಜ ಕೊಟ್ಟು ಕೊಂಡದ್ದು ಒಂದೇ ಎಲೆ ಅಲ್ವಾ?

ಎಣಿಸಿ ನೋಡಿ. ಒಟ್ಟು 13 ಆಟೀನ್. ನಾಲ್ಕು ನಿಮಗೆ ಕಂಡಿವೆ, ಉಳಿದದ್ದು 9. ನೀವು ನೋಡದ ಎಲೆಗಳು 47. ಟರ್ನ್‌ನಲ್ಲಿ ಆಟೀನ್ ಬರುವುದು 47ರಲ್ಲಿ 9 ಸಲ, ಅಂದರೆ ಸುಮಾರು 19 ಪರ್ಸೆಂಟ್. ನೀವು 90 ಬೀಜ ಗೆಲ್ಲೋಕೆ 30 ಹಾಕುತ್ತಿದ್ದೀರಿ. ಅದಕ್ಕೆ 25 ಪರ್ಸೆಂಟ್ ಬೇಕು. 19 ಪರ್ಸೆಂಟ್‌ಗೆ ಲೆಕ್ಕ ಸರಿಹೋಗಬೇಕಾದರೆ ಗೆಲ್ಲುವುದು ಸುಮಾರು 127 ಇರಬೇಕು, ಹೆಚ್ಚುಕಡಿಮೆ 37 ಬೀಜ ಕಡಿಮೆ ಬೀಳುತ್ತೆ. ಫ್ಲಶ್ ಆದ ಮೇಲೆ ಎದುರಿನವರಿಂದ ಸರಾಸರಿ ಅಷ್ಟಾದರೂ ಜಾಸ್ತಿ ಸಿಗುವುದಾದರೆ ಕಾಲ್ ಸರಿ. ಮೂರನೇ ಆಟೀನ್ ಕಂಡ ಕೂಡಲೇ ಕೈ ಬಿಗಿ ಹಿಡಿಯುವವರಾದರೆ ಅದು ಎಲ್ಲಿಂದ ಬರಬೇಕು?

ಅವರು ತಮ್ಮಲ್ಲಿದ್ದ 60 ಬೀಜವನ್ನೂ ಆಲ್-ಇನ್ ಮಾಡಿದ್ದರೆ (ಎಲ್ಲವನ್ನೂ ಒಂದೇ ಸಲ ಹಾಕಿದ್ದರೆ) ಕಥೆ ಬೇರೆ. ಆಗ ಮುಂದೆ ಬೆಟ್ ಇರಲ್ಲ, ಎರಡೂ ಎಲೆ ನಿಮ್ಮದೇ, 35 ನಿಜವಾಗುತ್ತೆ. 120ಕ್ಕೆ 60 ಹಾಕಲು 33 ಪರ್ಸೆಂಟ್ ಸಾಕು. ಬೆಟ್ ದೊಡ್ಡದಾದರೂ ಕಾಲ್ ಮಾಡಬಹುದು. ಇದು ಕೇಳೋಕೆ ವಿಚಿತ್ರ, ಆದರೆ ಲೆಕ್ಕ ಅದೇ.

ಇನ್ನು, ಕಾಲ್ ಮತ್ತು ಫೋಲ್ಡ್ (ಎಲೆ ಕೆಳಗಿಡುವುದು) ಬಿಟ್ಟು ಮೂರನೇ ದಾರಿಯೊಂದಿದೆ: ರೈಸ್, ಅಂದರೆ ಅವರ ಬೆಟ್‌ಗಿಂತ ಹೆಚ್ಚು ಹಾಕುವುದು. ಹೆಚ್ಚಿನವರು ಅದನ್ನು ಯೋಚಿಸುವುದೇ ಇಲ್ಲ, ನನಗೆ ಅದೇ ಬೇಜಾರು. ಆ ಬೆಟ್‌ಗೆ ಮೊದಲು ಇಬ್ಬರ ಹತ್ತಿರವೂ 150 ಬೀಜ ಇತ್ತು ಅಂದುಕೊಳ್ಳಿ. ನೀವು 150ನ್ನೂ ಮುಂದೆ ತಳ್ಳಿದಿರಿ. ಅವರು ಫೋಲ್ಡ್ ಮಾಡಿದರೆ 90 ಬೀಜ ಅಲ್ಲೇ ನಿಮ್ಮದು. ಕಾಲ್ ಮಾಡಿದರೆ ಪಾಟ್ 360. ಅದರಲ್ಲಿ ನಿಮ್ಮ 35 ಪರ್ಸೆಂಟ್ ಅಂದರೆ 126. ನೀವು ಹಾಕಿದ್ದು 150. ಸರಾಸರಿ ನಷ್ಟ 24 ಬೀಜ ಮಾತ್ರ. ಹಾಗಾಗಿ ಅವರು ಐದರಲ್ಲಿ ಒಂದು ಸಲಕ್ಕಿಂತ ಚೂರು ಜಾಸ್ತಿ ಎಲೆ ಕೆಳಗಿಟ್ಟರೂ ಸಾಕು, ನಿಮಗೆ ಲಾಭ. ಇದನ್ನೇ ಸೆಮಿ-ಬ್ಲಫ್ ಅನ್ನುತ್ತಾರೆ. ಎಲೆ ಬಂದರೂ ಗೆಲುವು, ಅವರು ಬಿಟ್ಟರೂ ಗೆಲುವು. ಆದರೆ ಏನೇ ಬಂದರೂ ಕಾಲ್ ಮಾಡುವ ಭಾವನೋ ಮಾವನೋ ಎದುರಿಗಿದ್ದರೆ ಇದನ್ನು ಮಾಡಬೇಡಿ. ಅವರು ಬಿಡುವುದೇ ಇಲ್ಲ.

ನಿಮ್ಮ 8-7 ಬಗ್ಗೆ ಒಂದು ಎಚ್ಚರ. ಟೇಬಲ್‌ನಲ್ಲಿ ನಾಲ್ಕೈದು ಜನ ಉಳಿದಿದ್ದರೆ ಯಾರದೋ ಕೈಯಲ್ಲಿ ಆಟೀನ್ ಎಕ್ಕವೋ ರಾಣಿಯೋ, ಜೊತೆಗೆ ಇನ್ನೊಂದು ಆಟೀನ್ ಇರಬಹುದು. ಆಗ ಫ್ಲಶ್ ಆಗಿಯೂ ಸೋಲುತ್ತೀರಿ, ಅದೂ ದೊಡ್ಡ ಪಾಟ್. ಎದುರಿನವರಿಗೆ ಆಗಲೇ ಸೆಟ್ ಆಗಿದ್ದರೆ, ಅಂದರೆ ಕೈಯಲ್ಲಿ ಎರಡು 9 ಇದ್ದು ಒಟ್ಟು ಮೂರು 9 ಆಗಿದ್ದರೆ, ನಿಮ್ಮ 35 ಸುಮಾರು 25ಕ್ಕೆ ಇಳಿಯುತ್ತೆ. ಬೋರ್ಡ್ ಎಲೆ (ಟೇಬಲ್ ಮೇಲಿನದು) ಜೋಡಿಯಾದರೆ ಅವರಿಗೆ ಫುಲ್ ಹೌಸ್, ಅದು ಫ್ಲಶ್ ಅನ್ನೂ ಸೋಲಿಸುತ್ತೆ. ಕೈಯಲ್ಲಿ ಆಟೀನ್ ಎಕ್ಕ ಇದ್ದಿದ್ದರೆ ನಾನು ಇಷ್ಟು ಹಿಂದೆ ಮುಂದೆ ನೋಡುತ್ತಿರಲಿಲ್ಲ.

ಅಂದ ಹಾಗೆ, ನೀವು ಬೀಜ ಇಟ್ಟು ಆಡುವುದು ನನಗೆ ತುಂಬಾ ಇಷ್ಟವಾಯಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಹುಣಸೆ ಹಣ್ಣು ಬಿಡಿಸುವ ಊರಲ್ಲಿ ಬೀಜಕ್ಕೇನು ಬರ?

ನಿಮ್ಮ ಜಾಗದಲ್ಲಿ ನಾನಿದ್ದು, ಎದುರಿಗೆ ಒಬ್ಬರೇ ಇದ್ದು, ಅವರು ಎಲೆ ಬಿಡಬಲ್ಲವರಾಗಿದ್ದರೆ ರೈಸ್ ಮಾಡುತ್ತಿದ್ದೆ. ಬಿಡದವರು, ಆದರೆ ಫ್ಲಶ್ ಆದ ಮೇಲೂ ಬೀಜ ಕೊಡುವವರಾದರೆ ಕಾಲ್. ಎರಡೂ ಅಲ್ಲವೆಂದರೆ ಆ 30 ಬೀಜವನ್ನು ಮುಂದಿನ ಕೈಗೆ ಇಟ್ಟುಕೊಳ್ಳುತ್ತಿದ್ದೆ.