ಮಲಾವಿ: ಕಡಲಿಲ್ಲದ ನಾಡು, ಸಾಕಾಗದ ನೆಲ

ಆಫ್ರಿಕಾ ಖಂಡದಲ್ಲಿ ಕಡಲತೀರವಿಲ್ಲದ ದೇಶಗಳು ಹದಿನಾರು. ಅವುಗಳ ಬಗ್ಗೆ ಪ್ರಶ್ನೆ ಬಂದಾಗ ನಾವು ಸಾಮಾನ್ಯವಾಗಿ ‘ಬಂದರಿಲ್ಲ, ಆದ್ದರಿಂದ ಬಡತನ’ ಎಂದು ಬರೆದು ಮುಗಿಸುತ್ತೇವೆ. ಈ ಉತ್ತರ ತಪ್ಪಲ್ಲ, ಆದರೆ ಅರ್ಧದಲ್ಲೇ ನಿಲ್ಲುತ್ತದೆ. ಬೋಟ್ಸ್ವಾನಾಕ್ಕೂ ಕಡಲಿಲ್ಲ, ಆದರೂ ಅದರ ವಜ್ರ ವಿಮಾನದಲ್ಲಿ ಸಾಗಬಲ್ಲದು. ಮಲಾವಿಯ ತಂಬಾಕು, ಸಕ್ಕರೆ, ಚಹಾ ಮಾತ್ರ ಲಾರಿ ಇಲ್ಲವೇ ರೈಲು ಹತ್ತಿ ಬೇರೊಂದು ದೇಶವನ್ನು ದಾಟಲೇಬೇಕು. ಕಡಲು ದೂರವಿರುವುದು ಎಲ್ಲಿ, ಯಾರಿಗೆ, ಎಷ್ಟು ನೋಯುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ನಾಡಿನ ಜನರನ್ನೂ ಅವರ ಹೊಲದ ಅಳತೆಯನ್ನೂ ನೋಡಬೇಕು.

ಮಲಾವಿಯ ಒಟ್ಟು ವಿಸ್ತೀರ್ಣ 1,18,484 ಚದರ ಕಿಲೋಮೀಟರ್. ಅದರಲ್ಲಿ ಸುಮಾರು ಐದನೆಯ ಒಂದು ಭಾಗ ನೀರು. ಐನೂರು ಕಿಲೋಮೀಟರಿಗೂ ಉದ್ದವಾದ ಮಲಾವಿ ಸರೋವರವೇ ಅದರ ಬಹುಪಾಲು. ಉಳಿಯುವ ನೆಲ ಕರ್ನಾಟಕದ ಅರ್ಧದಷ್ಟೂ ಇಲ್ಲ. ಉತ್ತರಕ್ಕೆ ಟಾಂಜಾನಿಯಾ, ಪಶ್ಚಿಮಕ್ಕೆ ಜಾಂಬಿಯಾ ಇವೆ. ದಕ್ಷಿಣದ ಬಾಲವನ್ನು ಮೊಜಾಂಬಿಕ್ ಮೂರು ಕಡೆಯಿಂದ ಸುತ್ತುವರಿದಿದೆ. ನ್ಯಾಸಾಲ್ಯಾಂಡ್ ಎಂಬ ಹೆಸರಿನಲ್ಲಿ ಬ್ರಿಟಿಷರ ಕೈಯಲ್ಲಿದ್ದ ಈ ನಾಡು 1964ರ ಜುಲೈ 6ರಂದು ಸ್ವತಂತ್ರವಾಯಿತು.

ಜನಸಂಖ್ಯೆ

1966ರ ಜನಗಣತಿಯಲ್ಲಿ ಸುಮಾರು 40 ಲಕ್ಷವಿದ್ದ ಜನಸಂಖ್ಯೆ 2018ರ ಗಣತಿಯ ಹೊತ್ತಿಗೆ 1 ಕೋಟಿ 75 ಲಕ್ಷ ದಾಟಿತ್ತು. ನೀರಿನ ಭಾಗವನ್ನು ಬಿಟ್ಟು ಲೆಕ್ಕ ಹಾಕಿದರೆ ಚದರ ಕಿಲೋಮೀಟರಿಗೆ 186 ಜನ. ಕರ್ನಾಟಕದ 2011ರ ಸಾಂದ್ರತೆ 319 ಆಗಿರುವಾಗ ಇದೇನು ದೊಡ್ಡದು ಎನಿಸಬಹುದು. ಆದರೆ ಮಲಾವಿಯಲ್ಲಿ ನೂರಕ್ಕೆ 84 ಜನ ಹಳ್ಳಿಗಳಲ್ಲೇ ಇದ್ದಾರೆ, ಅವರಲ್ಲಿ ಬಹುತೇಕರು ನೆಲವನ್ನೇ ನಂಬಿದ್ದಾರೆ, ಮಳೆಗಾಲವೂ ವರ್ಷಕ್ಕೆ ಒಂದೇ. ಆದ್ದರಿಂದ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೀರ್ಪು ಕೊಡುವುದು ಸರಿಯಾಗದು. ಜನರ ಹಂಚಿಕೆಯೂ ಸಮವಾಗಿಲ್ಲ: ದಕ್ಷಿಣ ಮತ್ತು ಮಧ್ಯ ಪ್ರಾಂತಗಳಲ್ಲಿ ಎಂಬತ್ತೇಳು ಪಾಲು, ಬೆಟ್ಟಗಳ ಉತ್ತರದಲ್ಲಿ ಹದಿಮೂರು ಪಾಲು ಮಾತ್ರ. ರಾಜಧಾನಿ ಲಿಲಾಂಗ್ವೆ 2018ರಲ್ಲಿ ಹತ್ತು ಲಕ್ಷದ ಹೊಸ್ತಿಲಲ್ಲಿತ್ತು. ಹಳೆಯ ವ್ಯಾಪಾರಿ ನಗರ ಬ್ಲಾಂಟೈರ್ ಎಂಟು ಲಕ್ಷ.

ಗಣತಿಯ ಪಟ್ಟಿಯಲ್ಲಿ ಒಂದು ಕಡೆ ಎಡವುವ ಸಾಧ್ಯತೆಯಿದೆ. 1977ರಿಂದ 1987ರವರೆಗೆ ಭರದಿಂದ ಏರಿದ ಜನಸಂಖ್ಯೆ ಮುಂದಿನ ಹನ್ನೊಂದು ವರ್ಷಗಳಲ್ಲಿ ನಿಧಾನವಾಗಿ ಏರಿ 1998ರಲ್ಲಿ 99 ಲಕ್ಷದ ಹತ್ತಿರ ನಿಲ್ಲುತ್ತದೆ. ಇದನ್ನು ಕುಟುಂಬ ಯೋಜನೆಯ ಫಲವೆಂದು ಬರೆದರೆ ಮೋಸ ಹೋದಂತೆ. ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಮೊಜಾಂಬಿಕ್‌ನಿಂದ ಬಂದ ನಿರಾಶ್ರಿತರು ಒಂದು ಹಂತದಲ್ಲಿ ಹತ್ತು ಲಕ್ಷದಷ್ಟಿದ್ದರು; 1992ರಲ್ಲಿ ಅಲ್ಲಿ ಶಾಂತಿ ಒಪ್ಪಂದವಾದ ಮೇಲೆ ಅವರು ಮರಳಿದರು. ಅದೇ ವರ್ಷಗಳಲ್ಲಿ ಏಡ್ಸ್ ದುಡಿಯುವ ವಯಸ್ಸಿನವರನ್ನೇ ಹುಡುಕಿ ಕೊಂಡೊಯ್ಯುತ್ತಿತ್ತು. ನಿಜವಾದ ಜನನ ಇಳಿಕೆ ಕಾಣಿಸಿದ್ದು ಆಮೇಲೆ: ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1992ರಲ್ಲಿ 6.7 ಇದ್ದದ್ದು 2015–16ರ ಸಮೀಕ್ಷೆಯಲ್ಲಿ 4.4ಕ್ಕೆ ಬಂದಿತು. ಎಚ್‌ಐವಿ ಇರುವ ಪ್ರತಿಯೊಬ್ಬ ಗರ್ಭಿಣಿಗೂ ರಕ್ತದಲ್ಲಿನ ರೋಗನಿರೋಧಕ ಕಣಗಳ ಎಣಿಕೆಗಾಗಿ ಕಾಯದೆ, ಜೀವನಪೂರ್ತಿ ಔಷಧಿ ಕೊಡುವ ಕ್ರಮವನ್ನು 2011ರಲ್ಲಿ ಜಗತ್ತಿನಲ್ಲೇ ಮೊದಲು ಜಾರಿಗೆ ತಂದ ದೇಶ ಮಲಾವಿ. ಪ್ರಯೋಗಾಲಯಗಳು ಕಡಿಮೆ ಇದ್ದುದೇ ಆ ಸರಳ ಕ್ರಮಕ್ಕೆ ಕಾರಣವಾಯಿತು; ಬಡ ದೇಶವೊಂದರ ಈ ಯೋಚನೆಯನ್ನು ಮುಂದೆ ಅನೇಕ ದೇಶಗಳು ಎತ್ತಿಕೊಂಡವು. 2018ರಲ್ಲಿ ನೂರಕ್ಕೆ 44 ಜನ ಹದಿನೈದು ವರ್ಷದೊಳಗಿನವರು. ಜನನ ದರ ಇಳಿದರೂ ತಾಯಂದಿರಾಗುವವರ ಸಂಖ್ಯೆಯೇ ಏರುತ್ತಿರುವುದರಿಂದ ಒಟ್ಟು ಜನಸಂಖ್ಯೆ ಬೆಳೆಯುತ್ತಲೇ ಇರುತ್ತದೆ.

ನೆಲ, ಮನೆ, ಊಟ

ಸಮಾಜದ ವಿಷಯಕ್ಕೆ ಬಂದರೆ ಚೇವಾ, ಲೋಮ್ವೆ, ಯಾವೋ, ಎನ್‌ಗೋನಿ, ತುಂಬೂಕಾ ಎಂಬ ಹೆಸರುಗಳನ್ನು ನೆನಪಿಡಬೇಕು. ಇವರಲ್ಲಿ ಮೊದಲ ಮೂರು ಸಮುದಾಯಗಳಲ್ಲಿ ವಂಶವೂ ಹೊಲವೂ ತಾಯಿಯ ಸಾಲಿನಲ್ಲಿ ಇಳಿಯುತ್ತವೆ. ತುಳುನಾಡಿನ ಅಳಿಯಸಂತಾನ ಕಟ್ಟನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಸೋದರಮಾವನ ಮಾತಿಗೆ ಇರುವ ತೂಕವೂ ಅದೇ. ವ್ಯತ್ಯಾಸವಿರುವುದು ಮದುವೆಯ ನಂತರದ ವಾಸದಲ್ಲಿ. ‘ಚಿಕಮ್ವಿನಿ’ ಎಂಬ ಪದ್ಧತಿಯಲ್ಲಿ ಗಂಡನೇ ಹೆಂಡತಿಯ ಊರಿಗೆ ಹೋಗಿ ನೆಲೆಸುತ್ತಾನೆ ಮತ್ತು ಅವನು ಉಳುವ ಹೊಲ ಅವಳ ಮನೆತನದ್ದಾಗಿರುತ್ತದೆ. ಸಂಬಂಧ ಮುರಿದರೆ ಅವನು ಕೈಬೀಸಿಕೊಂಡು ತನ್ನ ಊರಿಗೆ ಮರಳಬೇಕು. ಇದು ಮಹಿಳೆಗೆ ರಕ್ಷೆಯಾಗಿದೆ ಎಂಬುದು ನಿಜವಾದರೂ, ಮಗಳ ಪಾಲು, ಮೊಮ್ಮಗಳ ಪಾಲು ಎಂದು ಹೊಲ ತುಂಡಾಗುವುದನ್ನು ಯಾವ ಪದ್ಧತಿಯೂ ತಡೆಯಲಾರದು. ಸರಾಸರಿ ಹಿಡುವಳಿ ಒಂದು ಹೆಕ್ಟೇರಿಗಿಂತ, ಅಂದರೆ ಎರಡೂವರೆ ಎಕರೆಗಿಂತ ಕಡಿಮೆ. ದಕ್ಷಿಣದಲ್ಲಿ ಅದೂ ಇಲ್ಲ.

ದಕ್ಷಿಣದ ಈ ಇಕ್ಕಟ್ಟಿಗೆ ವಸಾಹತು ಕಾಲದ ಬೇರಿದೆ. ಶೀರೆ ಎತ್ತರನಾಡಿನ ಒಳ್ಳೆಯ ನೆಲವನ್ನು ಬಿಳಿಯರ ಎಸ್ಟೇಟುಗಳು ಹಿಡಿದುಕೊಂಡವು. ಥ್ಯೋಲೊ, ಮುಲಾಂಜೆಗಳ ಚಹಾ ತೋಟಗಳು ಇಂದಿಗೂ ಅಲ್ಲೇ ಹಸಿರಾಗಿವೆ. ಆ ನೆಲದ ಮೇಲೆ ಗುಡಿಸಲು ಕಟ್ಟಿಕೊಂಡವರು ಗೇಣಿಯ ಬದಲು ಬಿಟ್ಟಿ ದುಡಿಯಬೇಕಿತ್ತು. ಅದರ ಹೆಸರು ‘ಥಂಗಾಟಾ’. ಮೂಲದಲ್ಲಿ ಆ ಪದಕ್ಕೆ ‘ನೆರವು’ ಎಂಬ ಅರ್ಥವಿದೆ. 1915ರ ಜನವರಿಯಲ್ಲಿ ಪಾದ್ರಿ ಜಾನ್ ಚಿಲೆಂಬ್ವೆ ನಡೆಸಿದ ದಂಗೆಯ ಹಿಂದೆ ಈ ಬಿಟ್ಟಿ ದುಡಿಮೆಯ ಕಹಿಯಿತ್ತು.

ಊಟದಲ್ಲೂ ನೆಲದ ಲೆಕ್ಕವೇ ಕಾಣುತ್ತದೆ. ಮಲಾವಿಯವರಿಗೆ ‘ನ್ಸಿಮಾ’ ಉಣ್ಣದಿದ್ದರೆ ಊಟವಾದಂತಲ್ಲ. ಕುದಿಯುವ ನೀರಿಗೆ ಮುಸುಕಿನ ಜೋಳದ ಬಿಳಿ ಹಿಟ್ಟು ಸುರಿದು ಮೊದಲು ತೆಳುವಾಗಿ ಬೇಯಿಸಿ, ಮತ್ತೆ ಹಿಟ್ಟು ಸೇರಿಸುತ್ತ ಉದ್ದನೆಯ ಮರದ ಸೌಟಿನಿಂದ ಗಟ್ಟಿಯಾಗುವವರೆಗೆ ತಿರುವಿ, ನೀರಲ್ಲಿ ಅದ್ದಿದ ಚಮಚದಿಂದ ಬಿಲ್ಲೆ ಬಿಲ್ಲೆಯಾಗಿ ತಟ್ಟೆಗೆ ಹಾಕುತ್ತಾರೆ. ಮುದ್ದೆ ತೊಳಸಿದ ಕೈಗೆ ಇದರಲ್ಲಿ ಕಲಿಯುವುದು ಹೆಚ್ಚೇನೂ ಇಲ್ಲ. ಕೈಯಲ್ಲಿ ಮುರಿದು ಸೊಪ್ಪಿನ ಪಲ್ಯಕ್ಕೋ ಸರೋವರದ ‘ಉಸಿಪಾ’ ಎಂಬ ಸಣ್ಣ ಮೀನಿನ ಸಾರಿಗೋ ಅದ್ದಿ ತಿನ್ನುತ್ತಾರೆ. ಮುಸುಕಿನ ಜೋಳ ಅಮೆರಿಕದಿಂದ ಬಂದ ಬೆಳೆ; ಅದಕ್ಕೆ ಮೊದಲು ಇಲ್ಲಿನ ಮುಖ್ಯ ಧಾನ್ಯಗಳು ಬಿಳಿಜೋಳ ಮತ್ತು ನಮ್ಮ ರಾಗಿಯೇ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರನಾಡು ಎಂಬುದನ್ನು ಇಲ್ಲಿ ನೆನೆಯಬಹುದು. ಕಿರಿದಾದ ಹೊಲದಲ್ಲಿ ಹೆಚ್ಚು ಕಾಳು ಕೊಡುವ ಮುಸುಕಿನ ಜೋಳ ಗೆದ್ದಿತು, ಆದರೆ ಅದು ಮಳೆ ತಪ್ಪಿದರೆ ತಾಳದು, ಗೊಬ್ಬರವಿಲ್ಲದೆ ಏಳದು.

ಡಾಲರ್ ತರುವ ಎಲೆ

ರಫ್ತು ಗಳಿಕೆಯ ಅರ್ಧದಷ್ಟನ್ನು ಬಹುಕಾಲ ತಂದುಕೊಟ್ಟದ್ದು ತಂಬಾಕು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ತಂಬಾಕೆಂದರೆ ಎಲೆ ಬೇಯಿಸುವ ಬ್ಯಾರನ್ನು, ಸೌದೆ, ಹರಾಜು ಮಾರುಕಟ್ಟೆ. ಮಲಾವಿಯ ಮುಖ್ಯ ತಳಿ ಬರ್ಲಿ; ಇದನ್ನು ಬೆಂಕಿಯಲ್ಲಿ ಬೇಯಿಸಬೇಕಿಲ್ಲ, ಹುಲ್ಲು ಹೊದಿಸಿದ ಚಪ್ಪರದಡಿ ಗಾಳಿಗೆ ತೂಗುಹಾಕಿದರೆ ಒಣಗುತ್ತದೆ. ಬಂಡವಾಳವಿಲ್ಲದ ಸಣ್ಣ ರೈತನಿಗೂ ಎಟಕುವ ಬೆಳೆ ಇದು. ಆದರೂ ಹೇಸ್ಟಿಂಗ್ಸ್ ಕಮುಜು ಬಂಡಾ ಅವರ ಏಕಪಕ್ಷ ಆಡಳಿತದಲ್ಲಿ ಬರ್ಲಿ ಬೆಳೆಯುವ ಹಕ್ಕು ಎಸ್ಟೇಟುಗಳಿಗೆ ಮಾತ್ರ ಮೀಸಲಾಗಿತ್ತು. ಸಣ್ಣ ಹಿಡುವಳಿದಾರರಿಗೆ ಬಾಗಿಲು ತೆರೆದದ್ದು 1990ರಿಂದ ಈಚೆಗೆ. ಹಳ್ಳಿಯ ನೆಲ ಗುತ್ತಿಗೆಯ ಮೂಲಕ ಎಸ್ಟೇಟುಗಳಿಗೆ ಹರಿದುಹೋದದ್ದೂ ಬಂಡಾ ಕಾಲದಲ್ಲೇ. ನನ್ನ ಅಭಿಪ್ರಾಯದಲ್ಲಿ ಮಲಾವಿಯ ಬಡತನದ ಚರ್ಚೆಯಲ್ಲಿ ಕಡಲಿನ ದೂರಕ್ಕೆ ಸಿಗುವಷ್ಟೇ ಜಾಗ ಈ ನಿಯಮಕ್ಕೂ ಸಿಗಬೇಕು.

ಎಸ್ಟೇಟುಗಳಿಗೆ ಆಳು ಸಿಕ್ಕಿದ್ದರ ಹಿಂದೆ ಇನ್ನೊಂದು ಕಥೆಯಿದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ 1970ರ ದಶಕದ ಆರಂಭದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಲಾವಿ ಗಂಡಸರು ದುಡಿಯುತ್ತಿದ್ದರು. 1974ರ ಏಪ್ರಿಲ್‌ನಲ್ಲಿ ಅವರನ್ನು ಊರಿಗೆ ಕರೆತರುತ್ತಿದ್ದ ವಿಮಾನ ಬೋಟ್ಸ್ವಾನಾದ ಫ್ರಾನ್ಸಿಸ್‌ಟೌನ್‌ನಲ್ಲಿ ಬಿದ್ದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬಂಡಾ ನೇಮಕಾತಿಯನ್ನೇ ನಿಲ್ಲಿಸಿದರು. ಗಣಿಯಿಂದ ಮರಳಿದ ಕೈಗಳಿಗೆ ಊರಲ್ಲಿ ಹೊಲವಿರಲಿಲ್ಲ, ಎಸ್ಟೇಟಿನಲ್ಲಿ ಗೇಣಿ ದುಡಿಮೆಯಿತ್ತು.

ಗೊಬ್ಬರದ ಚೀಲದ ದಾರಿ

ಈಗ ಕಡಲಿನ ಮಾತು. ಮಲಾವಿಗೆ ಹತ್ತಿರದ ಬಂದರುಗಳು ಮೊಜಾಂಬಿಕ್‌ನ ಬೈರಾ ಮತ್ತು ನಕಾಲಾ. 1980ರ ದಶಕದ ಯುದ್ಧದಲ್ಲಿ ಆ ರೈಲುಮಾರ್ಗಗಳು ಮುರಿದುಬಿದ್ದಾಗ ಸರಕು ಎರಡು ಸಾವಿರ ಕಿಲೋಮೀಟರ್ ಮೀರಿದ ದಾರಿ ಹಿಡಿದು ಡರ್ಬನ್‌ವರೆಗೆ ಹೋಗಬೇಕಾಯಿತು. ಅಂದರೆ ಕಡಲಿಲ್ಲದ ದೇಶವೊಂದು ತನ್ನ ಶಾಂತಿಯ ಜೊತೆಗೆ ನೆರೆಯವರ ಶಾಂತಿಯನ್ನೂ ಕಾಯಬೇಕು. ಈ ಪರಾಧೀನತೆಯನ್ನು ತಪ್ಪಿಸಲೆಂದು ಶೀರೆ–ಜಾಂಬೆಜಿ ನದಿಗಳ ಮೂಲಕವೇ ಸಮುದ್ರ ಸೇರುವ ಯೋಜನೆ ಹಾಕಿ 2010ರಲ್ಲಿ ದಕ್ಷಿಣದ ಎನ್‌ಸಾಂಜೆಯಲ್ಲಿ ಒಳನಾಡ ಬಂದರನ್ನು ಉದ್ಘಾಟಿಸಿದರು. ಕೆಳಗಿನ ನದಿ ಮೊಜಾಂಬಿಕ್‌ನದು. ಅದು ಒಪ್ಪಲಿಲ್ಲ, ದೋಣಿ ತಡೆಹಿಡಿಯಲ್ಪಟ್ಟಿತು, ಬಂದರು ಸುಮ್ಮನೆ ನಿಂತಿತು. ಈಗ ಮೊವಾಟಿಜೆ ಗಣಿಯ ಕಲ್ಲಿದ್ದಲನ್ನು ನಕಾಲಾಕ್ಕೆ ಒಯ್ಯುವ ಉದ್ದುದ್ದ ರೈಲುಗಳು ದಕ್ಷಿಣ ಮಲಾವಿಯನ್ನು ಹಾದುಹೋಗುತ್ತವೆ. ಆ ಕಲ್ಲಿದ್ದಲೂ ಮೊಜಾಂಬಿಕ್‌ನದೇ.

ಬಂದರಿನಿಂದ ಒಳಬರುವ ಸರಕಿನಲ್ಲಿ ಇಂಧನ ಮತ್ತು ರಸಗೊಬ್ಬರ ಮುಖ್ಯವಾದವು. ಎರಡಕ್ಕೂ ಡಾಲರ್ ಬೇಕು, ಡಾಲರ್ ಬರುವುದು ಏಪ್ರಿಲ್‌ನಿಂದ ಕೆಲವೇ ತಿಂಗಳು ನಡೆಯುವ ತಂಬಾಕು ಮಾರಾಟದಿಂದ. ಗಳಿಕೆ ಕುಂದಿದಾಗ ದೇಶದ ನಾಣ್ಯವಾದ ಕ್ವಾಚಾ ಕುಸಿಯುತ್ತದೆ: 2023ರ ನವೆಂಬರ್‌ನಲ್ಲಿ ಒಂದು ಡಾಲರಿನ ಅಧಿಕೃತ ಬೆಲೆ ಸುಮಾರು 1,180 ಕ್ವಾಚಾದಿಂದ ಒಮ್ಮೆಗೇ 1,700ಕ್ಕೆ ಏರಿತು. ಅದು ಬಿತ್ತನೆಯ ತಿಂಗಳು, ಗೊಬ್ಬರ ಬೇಕಾಗುವ ಹೊತ್ತು. 2001–02ರಲ್ಲಿ ಬೆಳೆ ಕೈಕೊಟ್ಟು, ಸರ್ಕಾರದ ಧಾನ್ಯ ದಾಸ್ತಾನೂ ಮಾರಿಹೋಗಿದ್ದ ಹೊತ್ತಿನಲ್ಲಿ ಹಸಿವಿನಿಂದ ಜನ ಸತ್ತ ಮೇಲೆ, ಬಿಂಗು ವಾ ಮುತಾರಿಕಾ ಅವರ ಸರ್ಕಾರ 2005ರಲ್ಲಿ ಗೊಬ್ಬರಕ್ಕೆ ಸಬ್ಸಿಡಿ ಕೂಪನ್ನುಗಳನ್ನು ಹಂಚಿತು. ಮಳೆಯೂ ಕೈಹಿಡಿದು ಮರುವರ್ಷಗಳಲ್ಲಿ ಕಣಜ ತುಂಬಿತು. ಆದರೆ ಸಬ್ಸಿಡಿ ಸರ್ಕಾರದ ಬೊಕ್ಕಸಕ್ಕೆ ಕಾಯಂ ಹೊರೆಯಾಗಿ ಉಳಿಯಿತು. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣದ ಹೊಲಗಳನ್ನು ಕೊಯ್ಲಿನ ಹೊಸ್ತಿಲಲ್ಲೇ ತೊಳೆದುಹಾಕಿತು. ಬ್ಲಾಂಟೈರ್‌ನ ಬೆಟ್ಟದ ಇಳಿಜಾರುಗಳಲ್ಲಿ ಮನೆ ಕಟ್ಟಿಕೊಂಡಿದ್ದವರ ಮೇಲೆ ಮಣ್ಣು ಬಂಡೆಗಳು ಜಾರಿದವು. ಒಟ್ಟು ಆರುನೂರಕ್ಕೂ ಹೆಚ್ಚು ಜನ ಸತ್ತರು, ಐನೂರಕ್ಕೂ ಹೆಚ್ಚು ಜನರ ಸುಳಿವೇ ಸಿಗಲಿಲ್ಲ.

ಗೊಬ್ಬರ ಕೊಳ್ಳಲಾಗದ ಮನೆಯ ವರ್ಷವನ್ನು ಹೀಗೆ ಓದಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೊಯ್ದ ಮುಸುಕಿನ ಜೋಳ ಡಿಸೆಂಬರಿಗೆ ಮುಗಿಯುತ್ತದೆ. ಹೊಸ ಬೆಳೆ ಇನ್ನೂ ಮೊಣಕಾಲೆತ್ತರ. ಆಗ ಮನೆಯವರು ‘ಗಾನ್ಯು’ಗೆ ಹೊರಡುತ್ತಾರೆ, ಅಂದರೆ ದಿನಕ್ಕೋ ತುಂಡು ಕೆಲಸಕ್ಕೋ ಹಣ ಇಲ್ಲವೇ ಒಂದು ಬುಟ್ಟಿ ಜೋಳ ಪಡೆದು ಉಳ್ಳವರ ಹೊಲದಲ್ಲಿ ಕಳೆ ಕೀಳುತ್ತಾರೆ. ಜನವರಿ, ಫೆಬ್ರವರಿಯ ಆ ವಾರಗಳಲ್ಲಿ ಅವರ ಸ್ವಂತ ಹೊಲಕ್ಕೂ ಕಳೆ ತೆಗೆಯುವ ಕೈ ಬೇಕಾಗಿರುತ್ತದೆ. ಸಂಜೆ ಬುಟ್ಟಿ ಹೊತ್ತು ಮರಳುವ ಹೊತ್ತಿಗೆ ಕತ್ತಲಾಗಿರುತ್ತದೆ, ಮನೆಯ ಹಿಂದಿನ ಹೊಲದಲ್ಲಿ ಜೋಳಕ್ಕಿಂತ ಕಳೆಯೇ ಎತ್ತರವಾಗುತ್ತಿರುತ್ತದೆ.