ಸ್ಕಿಜೋಫಿಲಮ್ ಕಮ್ಯೂನ್: ಸೀಳಿದ ಕಿವಿರು ಗುರುತಿಸುವ ಬಗೆ

ಮಾವಿನ ಒಣಕೊಂಬೆ, ಬಿದ್ದ ರಬ್ಬರ್ ಮರ, ಬಿದಿರು, ಸೌದೆ ರಾಶಿ: ಈ ಅಣಬೆ ಎಲ್ಲೆಲ್ಲೂ ಸಿಗುತ್ತದೆ. ಟೋಪಿ ಸಾಮಾನ್ಯವಾಗಿ 1ರಿಂದ 4 ಸೆಂ.ಮೀ., ಬೀಸಣಿಗೆ ಆಕಾರ, ಮೇಲೆಲ್ಲ ಬೂದುಬಿಳಿ ರೋಮ. ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು. ಮುಟ್ಟಿದರೆ ತೊಗಲಿನ ಹಾಗೆ ಗಟ್ಟಿ.

ಇಷ್ಟಕ್ಕೇ ಹೆಸರು ಬರೆಯಬಾರದು; ಮಗುಚಿ ಕಿವಿರು, ಅಂದರೆ ಟೋಪಿಯ ಅಡಿಯಲ್ಲಿ ಸಾಲಾಗಿರುವ ತೆಳು ಹಾಳೆಗಳನ್ನು, ನೋಡಬೇಕು. ಎಡವುವುದು ಇಲ್ಲೇ. ಬೀಸಣಿಗೆಯಂಥ ಟೋಪಿಯಲ್ಲಿ ಅಂಚಿನ ಕಡೆ ಒಂದು ಕಿವಿರು ಎರಡಾಗಿ ಕವಲೊಡೆಯುವುದು ಹಲವು ಅಣಬೆಗಳಲ್ಲಿ ಇದೆ. ಅದು ಕವಲು, ಸೀಳಲ್ಲ. ಸೀಳು ಎಂದರೆ ಒಂದೇ ಕಿವಿರಿನ ತುದಿಯ ಉದ್ದಕ್ಕೂ ಓಡುವ ಗೀರು. ಕಿವಿರು ಅಲ್ಲಿ ಎರಡು ಪದರವಾಗಿರುತ್ತದೆ.

ಖಚಿತಪಡಿಸಿಕೊಳ್ಳಲು ಟೋಪಿಯ ಬುಡಕ್ಕೂ ಅಂಚಿಗೂ ನಡುವೆ, ಕಿವಿರುಗಳಿಗೆ ಅಡ್ಡಲಾಗಿ, ಹೊಸ ಬ್ಲೇಡಿನಿಂದ ಆದಷ್ಟು ತೆಳುವಾಗಿ ಕೊಯ್ಯಿರಿ. ತುಂಡನ್ನು ಬೆಳಕಿಗೆ ಹಿಡಿದು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಕಿವಿರೂ ಬೆನ್ನಿಗೆ ಬೆನ್ನು ಕೊಟ್ಟ ಎರಡು ಹಾಳೆಯಂತೆ ಕಂಡರೆ ಇದೇ. ಬರೀ ಕವಲಾದರೆ ಒಳಗೆ ಗಟ್ಟಿ ಒಂದೇ ಪದರ.

ಮಳೆಯಲ್ಲಿ ನೆನೆದ ಮಾದರಿಯಲ್ಲಿ ಪದರಗಳು ನೆಟ್ಟಗೆ ನಿಂತು ಒಂದಕ್ಕೊಂದು ಹತ್ತಿರವಾಗುವುದರಿಂದ ಸೀಳು ಮುಚ್ಚಿದಂತೆ ಕಾಣುತ್ತದೆ. ಆಗ ಕಾಗದದ ಮೇಲೆ ನೆರಳಲ್ಲಿ ಒಣಗಿಸಿ. ಒಣಗಿದಾಗ ಇನ್ನೊಂದು ಗೊಂದಲ ಕಾದಿರುತ್ತದೆ: ಎರಡು ಪದರಗಳು ಹೊರಕ್ಕೆ ಸುರುಳಿಯಾಗಿ, ಪಕ್ಕದ ಕಿವಿರಿನ ಪದರದ ಕಡೆ ಬಾಗಿ, ಬೀಜಕ (ಅಣಬೆಯ ಬೀಜದಂಥ ಸೂಕ್ಷ್ಮ ಪುಡಿ) ಹುಟ್ಟುವ ಮುಖವನ್ನು ಮುಚ್ಚಿಬಿಡುತ್ತವೆ. ಹಾಗಾಗಿ ಒಣ ಮಾದರಿಯಲ್ಲಿ ಎದ್ದು ಕಾಣುವ ತೋಡು ಎರಡು ಕಿವಿರುಗಳ ನಡುವಿನ ಸಂದಲ್ಲ, ಒಂದೇ ಕಿವಿರಿನ ಒಡಲು. ಸಂದು ಒಳಗೆ ಅಡಗಿರುತ್ತದೆ. ನೀರು ಚಿಮುಕಿಸಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಒಂದೇ ಮಾದರಿಯನ್ನು ಎರಡೂ ಸ್ಥಿತಿಯಲ್ಲಿ ನೋಡಿಬಿಟ್ಟರೆ ಆಮೇಲೆ ಗೊಂದಲವಿಲ್ಲ.

ಬೀಜಕದ ಅಚ್ಚಿಗೆ, ಅಂದರೆ ಉದುರಿದ ಬೀಜಕದ ಬಣ್ಣ ನೋಡಲು, ಒದ್ದೆ ಮಾದರಿಯನ್ನು ಕಿವಿರು ಕೆಳಗಾಗಿ ಗಾಜಿನ ಮೇಲಿಟ್ಟು, ಬಟ್ಟಲು ಕವುಚಿ ರಾತ್ರಿಯಿಡೀ ಬಿಡಿ. ಕೆಳಗೆ ಕಪ್ಪು ಕಾಗದ ಇರಲಿ. ಅಚ್ಚು ಬಿಳಿ ಅಥವಾ ನಸುಗುಲಾಬಿ, ಬಿಳಿ ಕಾಗದದ ಮೇಲೆ ಕಾಣುವುದೇ ಇಲ್ಲ. ಕಂದು ಬಂದರೆ ಬಹುಶಃ ಕ್ರೆಪಿಡೋಟಸ್ ಎಂಬ ಬೇರೆ ಅಣಬೆ. ಎಳೆಯ ಚಿಪ್ಪಣಬೆಗೂ ಬಿಳಿ ಅಚ್ಚೇ, ಆದರೆ ಅದು ಮೆತ್ತಗೆ ಹರಿಯುತ್ತದೆ, ಕಿವಿರು ಸೀಳಿರುವುದಿಲ್ಲ.

ಮಣಿಪುರದಲ್ಲಿ ಇದನ್ನು ಕಾಂಗ್ಲಾಯೆನ್ ಎಂದು ಕರೆದು ಅಡುಗೆ ಮಾಡುತ್ತಾರೆ. ಆದರೂ ಒಣ ಗೊಂಚಲನ್ನು ಮೂಗಿನ ಹತ್ತಿರ ಹಿಡಿದು ಉದುರಿಸಬೇಡಿ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅಪರೂಪಕ್ಕೆ ಇದರಿಂದ ಶ್ವಾಸಕೋಶದ ಸೋಂಕು ಆಗಿದ್ದುಂಟು.