ಶಾರ್ಟ್ ಮಾಡಿದ್ದನ್ನು ನಾಳೆವರೆಗೆ ಇಟ್ಟುಕೊಳ್ಳಬಹುದಾ?

ಪ್ರಶ್ನೆ: ಸರ್, ಬೆಳಿಗ್ಗೆ ಒಂದು ಶೇರು ಶಾರ್ಟ್ ಮಾಡಿದ್ದೆ. ಇಳಿಯುವ ಬದಲು ಏರಿತು. ಒಂದೆರಡು ದಿನದಲ್ಲಿ ಇಳಿದೇ ಇಳಿಯುತ್ತದೆ ಅಂತ ನನಗೆ ಖಾತ್ರಿ ಇತ್ತು. ಆದರೆ ಮೂರೂಕಾಲರ ಹೊತ್ತಿಗೆ ಬ್ರೋಕರ್ ತಾನಾಗಿಯೇ ನಷ್ಟದಲ್ಲಿ ಮುಗಿಸಿಬಿಟ್ಟ. ಕೊಂಡ ಶೇರನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲು ಬಿಡುತ್ತಾರೆ, ಮಾರಿದ್ದನ್ನು ಎರಡು ದಿನ ಇಟ್ಟುಕೊಳ್ಳಲು ಯಾಕೆ ಬಿಡುವುದಿಲ್ಲ?
— ಕಾರ್ಕಳದಿಂದ ಒಬ್ಬ ಓದುಗರು

ಉತ್ತರ: ಮಾರಾಯ್ರೇ, ಈ ಪ್ರಶ್ನೆ ಈ ಮಳೆಗಾಲದಲ್ಲೇ ನಾಲ್ಕನೆಯ ಸಲ ಬಂತು. ಒಮ್ಮೆ ಸುರತ್ಕಲ್‌ನಿಂದ, ಒಮ್ಮೆ ಬ್ರಹ್ಮಾವರದಿಂದ, ಒಮ್ಮೆ ಉಡುಪಿ ಸಿಟಿ ಬಸ್ಸಿನಲ್ಲಿ ಪಕ್ಕದ ಸೀಟಿನಿಂದ. ಕೇಳುವವರ ಊರು ಬೇರೆ, ಸಿಟ್ಟು ಒಂದೇ: ಬ್ರೋಕರ್ ಮೋಸ ಮಾಡಿದ. ಇಲ್ಲ, ಮಾಡಲಿಲ್ಲ. ನಿಮ್ಮನ್ನು ಬಚಾವ್ ಮಾಡಿದ.

ಸಣ್ಣ ಉತ್ತರ ಮೊದಲು ಹೇಳುತ್ತೇನೆ. ನಮ್ಮ ನಗದು ಮಾರುಕಟ್ಟೆಯಲ್ಲಿ (ಶೇರನ್ನೇ ನೇರವಾಗಿ ಕೊಂಡು ಮಾರುವ ಪೇಟೆಯಲ್ಲಿ) ಶಾರ್ಟ್ ಮಾಡಿದರೆ, ಅಂದರೆ ಬೆಲೆ ಇಳಿದ ಮೇಲೆ ಕೊಳ್ಳೋಣ ಎಂದು ಕೈಯಲ್ಲಿಲ್ಲದ ಶೇರನ್ನು ಮೊದಲೇ ಮಾರಿದರೆ, ಅದೇ ದಿನ, ಪೇಟೆ ಮುಚ್ಚುವ 3:30ರ ಒಳಗೆ, ವಾಪಸ್ ಕೊಳ್ಳಬೇಕು. ನೀವು ಮರೆತೀರಿ ಎಂದು ಬ್ರೋಕರುಗಳು ಸುಮಾರು 3:15–3:20ಕ್ಕೆ ತಾವೇ ಕೊಂಡು ಮುಗಿಸುತ್ತಾರೆ. ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಇದರ ಹಿಂದೆ ಒಂದು ತಪ್ಪು ತಿಳಿವಳಿಕೆ ಉಂಟು, ಎಷ್ಟು ಸಲ ಕಿತ್ತರೂ ಅಂಗಳದ ಹುಲ್ಲಿನ ಹಾಗೆ ಮತ್ತೆ ಚಿಗುರುವಂಥದ್ದು: “ಕಾದರೆ ಸರಿಯಾಗ್ತದೆ.”

ಇದು ಎಲ್ಲಿಂದ ಬಂತು ಅಂತಲೂ ನನಗೆ ಗೊತ್ತು. ನಮ್ಮದು ಬ್ಯಾಂಕುಗಳ ತವರು. ಅಜ್ಜನ ಕಾಲದ ಕರ್ಣಾಟಕ ಬ್ಯಾಂಕ್ ಶೇರು ಇಲ್ಲದ ಮನೆ ಹುಡುಕಿದರೆ ಸಿಕ್ಕೀತು, ಆದರೆ ಹುಡುಕಬೇಕು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದಾಗಲೂ ಮನೆಯವರು ಶೇರು ಮಾರಲಿಲ್ಲ. ಇಳಿಯಿತಾ, ಇಳಿಯಲಿ, ಕಪಾಟಿನಲ್ಲಿ ಇದ್ದದ್ದು ಅನ್ನ ಕೇಳುತ್ತದಾ ಎಂಬ ಧೋರಣೆ. ಕೊಂಡ ಶೇರಿಗೆ ಅದು ನಡೆಯುತ್ತದೆ. ನೂರು ರೂಪಾಯಿಯದ್ದು ಸೊನ್ನೆಗೆ ಬಂದರೂ ಹೋಗುವುದು ನೂರೇ.

ಶಾರ್ಟ್ ಹಾಗಲ್ಲ. ಅಲ್ಲಿ ನೀವು ಏನನ್ನೂ ಇಟ್ಟುಕೊಂಡಿಲ್ಲ, ಒಬ್ಬರಿಗೆ ಕೊಡಲಿಕ್ಕಿದೆ. ಮಲ್ಪೆ ಮೀನು ಬಂದರಿನ ಲೆಕ್ಕದಲ್ಲಿ ಹೇಳುತ್ತೇನೆ. ನಾಳೆ ಮಧ್ಯಾಹ್ನದ ಊಟಕ್ಕೆ ಒಬ್ಬ ಹೋಟೆಲಿನವರಿಗೆ ಕಿಲೋಗೆ 700ರಂತೆ 20 ಕಿಲೋ ಅಂಜಲ್ ಮೀನು ಕೊಡುತ್ತೇನೆಂದು ಇವತ್ತೇ ಒಪ್ಪಿಕೊಂಡಿರಿ. ನಿಮ್ಮಲ್ಲಿ ಮೀನಿಲ್ಲ. ಬೆಳಿಗ್ಗೆ ದಕ್ಕೆಗೆ ಹೋದಾಗ ಬೋಟು ತುಂಬಿ ಬಂದಿದ್ದರೆ 550ಕ್ಕೆ ಕೊಂಡು ಕೊಟ್ಟು 3,000 ಕಿಸೆಗೆ ಹಾಕಿಕೊಂಡಿರಿ. ಗಾಳಿಮಳೆಗೆ ಬೋಟು ಕಡಿಮೆ ಬಂದಿದ್ದರೆ 1,000 ಕೊಟ್ಟು ತರಬೇಕು. “ರೇಟು ಇಳಿಯಲಿ, ಆಗಸ್ಟಿನಲ್ಲಿ ಕೊಡ್ತೇನೆ” ಎಂದರೆ ಹೋಟೆಲಿನವರು ಒಪ್ಪುತ್ತಾರಾ? ಅವರ ಗಿರಾಕಿ ಎಲೆಯ ಮುಂದೆ ಕೂತಾಗಿದೆ. ಶೇರುಪೇಟೆಯಲ್ಲೂ ನಿಮ್ಮಿಂದ ಕೊಂಡವನಿಗೆ ಮರುದಿನವೇ ಶೇರು ಸೇರಬೇಕು. 2023ರ ಜನವರಿ 27ರಿಂದ ಎಲ್ಲ ಶೇರುಗಳಿಗೂ ಇದೇ ನಿಯಮ.

ಈಗ ದಕ್ಕೆಗೆ ಒಂದೇ ಒಂದು ಬೋಟೂ ಬರಲಿಲ್ಲ ಅನ್ನಿ. ಶೇರಿನಲ್ಲಿ ಅದಕ್ಕೆ ಅಪ್ಪರ್ ಸರ್ಕ್ಯೂಟ್ ಎಂದು ಹೆಸರು: ಒಂದು ದಿನಕ್ಕೆ ಇಷ್ಟೇ ಏರಬಹುದೆಂಬ ಮಿತಿ ಮುಟ್ಟಿ ಬೆಲೆ ನಿಂತುಬಿಡುವುದು. ಕೊಳ್ಳುವವರ ಸಾಲು ಉದ್ದ, ಮಾರುವವ ಒಬ್ಬನೂ ಇಲ್ಲ. ಬ್ರೋಕರ್ ಬಟನ್ ಒತ್ತಿದರೂ ಶೇರು ಸಿಗುವುದಿಲ್ಲ. “ಎರಡು ದಿನ ಇಟ್ಟುಕೊಳ್ಳುತ್ತೇನೆ” ಎಂಬ ನಿಮ್ಮ ಆಸೆ ಈಡೇರುವುದು ಇಲ್ಲಿ ಮಾತ್ರ. ಹೇಗೆ ಈಡೇರುತ್ತದೆ ನೋಡಿ.

200 ರೂಪಾಯಿಯ ಶೇರು, 500 ಮಾರಿದಿರಿ, ಬ್ರೋಕರ್ ಬಳಿ 40,000 ಮಾರ್ಜಿನ್ (ಭದ್ರತಾ ಹಣ) ಕಟ್ಟಿದಿರಿ. ಶೇಕಡಾ 10 ಏರಿ 220ರಲ್ಲಿ ಬೀಗ ಬಿತ್ತು. ಕೊಳ್ಳಲಾಗಲಿಲ್ಲ. ಮರುದಿನ ನಿಮ್ಮ ಪಾಲಿನ ಶೇರಿಗಾಗಿ ಶೇರು ವಿನಿಮಯ ಕೇಂದ್ರ ಹರಾಜು ಕರೆಯುತ್ತದೆ. ಅಲ್ಲಿ ಬೆಲೆ ಹೇಳುವವರು ಬೇರೆಯವರು, ದುಡ್ಡು ಕೊಡುವವರು ನೀವು. ಹರಾಜಿನಲ್ಲೂ ಯಾರೂ ಶೇರು ಕೊಡದಿದ್ದರೆ ಲೆಕ್ಕವನ್ನು ಹಣದಲ್ಲೇ ಚುಕ್ತಾ ಮಾಡುತ್ತಾರೆ: ಮಾರಿದ ದಿನದಿಂದ ಹರಾಜಿನ ದಿನದವರೆಗಿನ ಅತಿ ಹೆಚ್ಚಿನ ಬೆಲೆ, ಇಲ್ಲವೇ ಹರಾಜಿನ ದಿನದ ಮುಕ್ತಾಯದ ಬೆಲೆಗೆ ಶೇಕಡಾ 20 ಸೇರಿಸಿದ ಮೊತ್ತ, ಇವೆರಡರಲ್ಲಿ ಯಾವುದು ದೊಡ್ಡದೋ ಅದು. ಆ ದಿನ ಶೇರು 230ಕ್ಕೆ ಮುಗಿದಿದ್ದರೆ 276. ಒಂದೊಂದು ಶೇರಿಗೆ 76ರಂತೆ 500ಕ್ಕೆ 38,000. ಕಟ್ಟಿದ 40,000ದಲ್ಲಿ ಉಳಿದ 2,000 ದಂಡ, ಶುಲ್ಕಗಳಿಗೆ ಸಾಕಾದರೆ ನಿಮ್ಮ ಪುಣ್ಯ. ಗಮನಿಸಿ, ಶೇರು ಏರಿದ್ದು 200ರಿಂದ 230ಕ್ಕೆ ಮಾತ್ರ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಒಮ್ಮೆ ಮಧ್ಯಾಹ್ನ ಊಟ ಮುಗಿಸಿ ಕೈತೊಳೆದು ಬರುವಷ್ಟರಲ್ಲಿ ಒಂದು ಸಣ್ಣ ಕಂಪೆನಿಯ ಶೇರು ಸರ್ಕ್ಯೂಟ್‌ಗೆ ಹೋಗಿ ಕೂತಿತ್ತು. ಮೂರೂವರೆವರೆಗೂ ಪರದೆ ನೋಡಿದ್ದೇ ಬಂತು. ಆಮೇಲೆ ವಾಯಿದಾ ವಹಿವಾಟು (ಮುಂದಿನ ದಿನಾಂಕಕ್ಕೆ ಇವತ್ತೇ ಬೆಲೆ ಗೊತ್ತುಮಾಡುವ ಫ್ಯೂಚರ್ಸ್‌ನಂಥ ಒಪ್ಪಂದ) ಇಲ್ಲದ ಸಣ್ಣ ಶೇರನ್ನು ಶಾರ್ಟ್ ಮಾಡುವ ಗೋಜಿಗೇ ನಾನು ಹೋಗಿಲ್ಲ. ವಾಯಿದಾ ಇರುವ ದೊಡ್ಡ ಶೇರುಗಳಿಗೆ ಇಂಥ ಗಟ್ಟಿ ಬೀಗ ಇರುವುದಿಲ್ಲ, ಮಿತಿ ಮುಟ್ಟಿದರೂ ಅದನ್ನು ಸಡಿಲಿಸುತ್ತಾ ಹೋಗುತ್ತಾರೆ.

“ಆದರೆ ಕೊನೆಗೆ ಇಳಿಯಿತಲ್ಲ ಸರ್!” ಎನ್ನುತ್ತೀರಿ. ಇಳಿಯಲಿ, ಅದರಿಂದ ನಿಮಗೇನು? 2021ರ ಜನವರಿಯ ಆರಂಭದಲ್ಲಿ ಅಮೆರಿಕದ ಗೇಮ್‌ಸ್ಟಾಪ್ ಶೇರು 20 ಡಾಲರಿನ ಒಳಗಿತ್ತು. ಅದೇ ತಿಂಗಳ 28ಕ್ಕೆ 483 ಮುಟ್ಟಿತು. ಫೆಬ್ರವರಿಯಲ್ಲಿ 50ರ ಕೆಳಗೆ ಬಂತು. ಅದು ಇಳಿಯುತ್ತದೆ ಎಂದು ಶಾರ್ಟ್ ಮಾಡಿದ್ದ ಮೆಲ್ವಿನ್ ಕ್ಯಾಪಿಟಲ್ ಎಂಬ ದೊಡ್ಡ ನಿಧಿ ನಡುವಿನಲ್ಲೇ ಕೈಬಿಡಬೇಕಾಯಿತು, ಜನವರಿ ಒಂದರಲ್ಲೇ ತನ್ನ ಹಣದ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿತು. ಕೋಟಿಗಟ್ಟಲೆ ಡಾಲರ್ ಇದ್ದವರಿಗೇ ಕಾಯಲಾಗಲಿಲ್ಲ.

ಇನ್ನು ಪ್ರತಿ ಸಲವೂ ಬರುವ ಅಡ್ಡ ಪ್ರಶ್ನೆ: ಅಮೆರಿಕದ ಸಂಶೋಧನಾ ಸಂಸ್ಥೆಯಾದ ಹಿಂಡೆನ್‌ಬರ್ಗ್‌ನವರು ಅದಾನಿ ಸಮೂಹವನ್ನು ಶಾರ್ಟ್ ಮಾಡಿ ಇಟ್ಟುಕೊಳ್ಳಲಿಲ್ಲವೇ? ನಮ್ಮ ಮಂಗಳೂರು ವಿಮಾನ ನಿಲ್ದಾಣ ನಡೆಸುವುದು ಅದೇ ಸಮೂಹವಾದ್ದರಿಂದ ಇಲ್ಲಿ ಯಾರೂ ಆ ಸುದ್ದಿ ಮರೆತಿಲ್ಲ. 2023ರ ಜನವರಿ 24ರ ವರದಿಯಲ್ಲಿ ಅವರೇ ಹೇಳಿಕೊಂಡದ್ದು: ಅಮೆರಿಕದಲ್ಲಿ ವಹಿವಾಟಾಗುವ ಬಾಂಡುಗಳ ಮೂಲಕ, ಭಾರತದಲ್ಲಿ ವಹಿವಾಟಾಗದ, ಶೇರಿನ ಬೆಲೆಯನ್ನೇ ಅವಲಂಬಿಸಿದ ಒಪ್ಪಂದಗಳಾದ ಡೆರಿವೇಟಿವ್‌ಗಳ ಮೂಲಕ. ನಿಮ್ಮ ಮೊಬೈಲಿನ ಆ್ಯಪ್‌ನಲ್ಲಿ ಆ ಬಾಗಿಲೇ ಇಲ್ಲ.

ಕಾನೂನಿನ ಬಾಗಿಲು ಎರಡಿವೆ. ಶೇರನ್ನು ಎರವಲು ಪಡೆದು ಮಾರುವ ವ್ಯವಸ್ಥೆ 2008ರಿಂದ ಉಂಟು, ಸಣ್ಣವರು ಆ ಕಡೆ ಹೋಗುವುದು ಅಪರೂಪ. ಇನ್ನೊಂದು ಆಗ ಹೇಳಿದ ವಾಯಿದಾ, ಅಂದರೆ ಫ್ಯೂಚರ್ಸ್. ಅಲ್ಲಿ ರಾತ್ರಿ ಕಳೆಯಬಹುದು, ಆದರೆ ಒಂದು ಲಾಟ್ (ಅಲ್ಲಿ ಕನಿಷ್ಠ ವ್ಯವಹರಿಸಬೇಕಾದ ಶೇರುಗಳ ಕಟ್ಟು) ಎಂದರೆ ಹಲವು ಲಕ್ಷದ ವ್ಯವಹಾರ, ಪ್ರತಿದಿನದ ನಷ್ಟ ಆಯಾ ದಿನವೇ ಖಾತೆಯಿಂದ ಕಡಿತ. ಅವಧಿ ಮುಗಿಯುವವರೆಗೂ ಹಿಡಿದರೆ ನಿಜವಾಗಿಯೂ ಶೇರು ತಂದು ಕೊಡಬೇಕು. ಅಂದರೆ ತಿರುಗಿ ಮಲ್ಪೆಗೇ ಬಂದಿರಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಆ ನಷ್ಟವನ್ನು ಆದಾಯ ತೆರಿಗೆಯಲ್ಲಿ ತೋರಿಸುತ್ತೀರಾ? 2022–23ರಲ್ಲಿ ನಗದು ಮಾರುಕಟ್ಟೆಯಲ್ಲಿ ಇಂಟ್ರಾಡೇ (ಕೊಳ್ಳುವುದು ಮಾರುವುದು ಎರಡನ್ನೂ ಅದೇ ದಿನ ಮುಗಿಸುವ ವಹಿವಾಟು) ಮಾಡಿದ ಹತ್ತು ಜನರಲ್ಲಿ ಏಳು ಜನ ನಷ್ಟದಲ್ಲಿದ್ದರೆಂದು ಶೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಯನವೇ ಹೇಳಿದೆ. ಆ ಏಳರಲ್ಲಿ ನನಗೆ ಪರಿಚಯದವರು ಯಾರೂ ರಿಟರ್ನ್‌ನಲ್ಲಿ ಅದನ್ನು ಬರೆದವರಲ್ಲ. ನಷ್ಟಕ್ಕೆ ತೆರಿಗೆ ಇಲ್ಲವಲ್ಲ ಎಂಬ ಜಾಣತನ. ಇಂಟ್ರಾಡೇ ಗಳಿಕೆ ಬಂಡವಾಳ ಲಾಭವಲ್ಲ, ಸಟ್ಟಾ ವ್ಯಾಪಾರದ ಆದಾಯ. ಅದರ ನಷ್ಟವನ್ನು ಸಂಬಳದಲ್ಲೋ ಬ್ಯಾಂಕಿನ ಎಫ್‌ಡಿ ಬಡ್ಡಿಯಲ್ಲೋ ಕಳೆಯುವ ಹಾಗಿಲ್ಲ. ಅದೇ ಬಗೆಯ ಲಾಭದಲ್ಲಿ ಮಾತ್ರ ಕಳೆಯಬಹುದು. ಮುಂದಿನ ನಾಲ್ಕು ವರ್ಷದವರೆಗೆ ಒಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ. ಫ್ಯೂಚರ್ಸ್ ನಷ್ಟದ ಲೆಕ್ಕ ಬೇರೆ: ಸಂಬಳ ಬಿಟ್ಟು ಉಳಿದ ಆದಾಯದಲ್ಲಿ ಆ ವರ್ಷವೇ ಕಳೆಯಬಹುದು, ಎಂಟು ವರ್ಷ ಒಯ್ಯಬಹುದು.

ಇದಕ್ಕೆ ಸಂಬಳದವರು ತುಂಬುವ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-3 ಬೇಕು. ಕಾರ್ಕಳದವರೇ, ಮೂರೂಕಾಲಕ್ಕೆ ಬ್ರೋಕರ್ ಮುಗಿಸಿದ ಆ ವ್ಯವಹಾರವೂ ಅದರಲ್ಲಿ ಬರೆಯಬೇಕಾದದ್ದೇ.